ಎರಡನೆಯ ಅಂತರಗಂಗೆ

ಕೋಲಾರದ ಬೆಟ್ಟದಲ್ಲಿ ಒಂದು ಅಂತರಗಂಗೆ,
ಬಸವನ ಬಾಯಿಂದ ಬೀಳುವುದು, ಬೊಗಸೆಯೊಡ್ಡಿ ಕುಡಿಯುವುದು.
ನಮ್ಮೂರ ಕೆರೆಯಲ್ಲಿ ಇನ್ನೊಂದು.
ಇದನ್ನು ಯಾರೂ ಕುಡಿಯುವಂತಿಲ್ಲ,
ಇದೇ ಕೆರೆಯನ್ನು ಕುಡಿಯುತ್ತದೆ.

ಗಡಿಯಾಚೆಯಿಂದ ಬಂದ ನನ್ನ ಓರಗಿತ್ತಿ
ಗುರ್ರಪುಡೆಕ್ಕ ಎನ್ನುತ್ತಾಳೆ, ಕುದುರೆಯ ಗೊರಸು.
ಕುದುರೆ ಬಂದದ್ದನ್ನು ಕಂಡವರಿಲ್ಲ,
ನೀರಿನ ಮೇಲೆಲ್ಲ ಹೆಜ್ಜೆ.

ಭಾನುವಾರ. ಪಂಚಾಯಿತಿಯಿಂದ ಹದಿನಾರು ಗ್ಲೌಸು,
ಹದಿನಾರೂ ಬಲಗೈಯವು.
ಎರಡು ಲಾರಿ ಟ್ಯೂಬು, ನಾರೆಪ್ಪನ ಹರಕು ಬಲೆ,
ಬಿದಿರಿಗೆ ಕಟ್ಟಿದ ಕೊಕ್ಕೆ, ಜಬೀನ್ ಟೀಚರ ಪೀಪಿ.

ಟೀಚರು ಏರಿಯ ಮೇಲೆ ನಿಂತು
ಒಂದು ಗಿಡವನ್ನು ಜುಟ್ಟು ಹಿಡಿದೆತ್ತಿ ಗುರುತು ಹೇಳುತ್ತಾರೆ:
“ಎಲೆ ನುಣುಪು, ಎಣ್ಣೆ ಸವರಿದ ಹಾಗೆ.
ತೊಟ್ಟು ನೋಡಿ, ಮಂಗನಬಾವು ಬಂದ ಕೆನ್ನೆ,
ಹಿಸುಕಿದರೆ ಬರೀ ಗಾಳಿ.
ಕಾಂಗ್ರೆಸ್ ಗಿಡವಾದರೆ ಮೈ ತುರಿಸಿ ತಾನೇ ಹೇಳಿಬಿಡುತ್ತೆ.
ಇದು ಹೇಳೋದಿಲ್ಲ. ಇದು ಚೆಂದ ಇದೆ.
ಕಷ್ಟ ಅದೇ.”

ಮಕ್ಕಳು ತೊಟ್ಟು ಹಿಸುಕುತ್ತಾರೆ, ಟಪ್, ಟಪ್.
ಆರನೇ ಕ್ಲಾಸಿನ ಮೌನಿಕಾ ಹೂವೊಂದನ್ನು ಕಿತ್ತು
ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.
ತಿಳಿನೇರಳೆ. ಮೇಲಿನ ಎಸಳಲ್ಲಿ ಹಳದಿ ಬೊಟ್ಟು,
ನವಿಲುಗರಿಯ ಕಣ್ಣು.

ಆ ಕಣ್ಣು ನನ್ನನ್ನು ಗುರುತು ಹಿಡಿಯಿತು.

ಹನ್ನೊಂದು ವರ್ಷದ ಹಿಂದೆ, ಬಸ್ ಸ್ಟ್ಯಾಂಡಿನ ಪಕ್ಕದ ನರ್ಸರಿಯಲ್ಲಿ
ಅತ್ತೆ ಇದನ್ನು ಕೊಂಡರು. ಇಪ್ಪತ್ತು ರೂಪಾಯಿ,
ಚೌಕಾಸಿ ಮಾಡಿ ಹದಿನೈದು.
ಪ್ಲಾಸ್ಟಿಕ್ ಕವರಿನ ನೀರಲ್ಲಿ, ಮಡಿಲಲ್ಲಿಟ್ಟು ತಂದರು.
ಇದಕ್ಕೂ ಟಿಕೆಟ್ ಬೇಕಾ ಎಂದು ಕಂಡಕ್ಟರನ್ನು ಕೇಳಿದ್ದರು.
ಮಾವ ಹೋಗಿ ವರ್ಷವಾಗಿತ್ತು,
ಮುಡಿಗೆ ಹೂ ಇರಲಿಲ್ಲ.
“ಬಾನಿಯಲ್ಲಿ ಅರಳಿದರೆ ಯಾರ ಅಪ್ಪಣೆ ಬೇಕು?”
ಹಿತ್ತಲ ಕಲ್ಲುಬಾನಿಯ ಮುಂದೆ ಕೂತು
ಅಷ್ಟು ಹೊತ್ತು ಅವರು ಯಾರೊಂದಿಗೂ ಕೂತವರಲ್ಲ.

ಒಂದು ಮೂರಾಯಿತು, ಮೂರು ಬಾನಿ ತುಂಬಿತು.
ಹೆಚ್ಚಾದದ್ದನ್ನು ತಿಪ್ಪೆಗೆಸೆಯಲು ಮನಸ್ಸಾಗದೆ
ಕಾಲುವೆಯಲ್ಲಿ ಬಿಟ್ಟರು, ಮಗಳನ್ನು ಗಂಡನ ಮನೆಗೆ ಕಳಿಸಿದಂತೆ.
ಆ ವರ್ಷ ಮಳೆ ಚೆನ್ನಾಗಿತ್ತು.

ಊರಲ್ಲಿ ಕಾರಣಕ್ಕೇನೂ ಬರವಿಲ್ಲ.
ಪೈಪಿನ ನೀರು ತಂದಿತು ಎನ್ನುವವರು,
ಮೇಲಿನ ಕೆರೆಯವರು ಬೇಕೆಂದೇ ತೇಲಿಬಿಟ್ಟರು ಎನ್ನುವವರು.
ಕೊಕ್ಕರೆಯ ಕಾಲಿಗಂಟಿ ಬಂತು ಎಂದವನು ನೀರುಗಂಟಿ ಪಿಳ್ಳಪ್ಪ.
ಇದ್ದರೂ ಇರಬಹುದು.
ನಾನು ಎಂದಿನಿಂದಲೂ ಕೊಕ್ಕರೆಯ ಪಕ್ಷ.

ಮಂಡಿಮಟ್ಟ ಕೆಸರು. ಒಂದನ್ನೆಳೆದರೆ
ಕೈಕೈ ಹಿಡಿದು ಹತ್ತು ಬರುತ್ತವೆ, ಕಪ್ಪು ಬೇರು
ಬಾಚಣಿಗೆಯಲ್ಲಿ ಸಿಕ್ಕಿದ ಕೂದಲಂತೆ ಬೆರಳಿಗೆ ಸುತ್ತುತ್ತವೆ.
ತೂಬಿನ ಕಲ್ಲ ಮೇಲಿಂದ ಪಿಳ್ಳಪ್ಪ ಕೂಗುತ್ತಾನೆ:
“ನೀರಂಚಿಗೆ ಹಾಕಬ್ಯಾಡ್ರಿ, ಏರಿ ದಾಟ್ಸಿ!
ಒಂದು ಗೆಣ್ಣು ಉಳಿದ್ರೂ ಮತ್ತೆ ಸಂಸಾರ ಹೂಡ್ತದೆ!”
ಬೀಜ ಕೆಸರಿನಲ್ಲಿ ಹದಿನೈದು ವರ್ಷ, ಇನ್ನೂ ಹೆಚ್ಚೇ,
ಮಲಗಿ ಕಾಯುತ್ತದೆ ಎಂದರು ಟೀಚರು.
ಮನಸ್ಸಿನಲ್ಲೇ ಲೆಕ್ಕ ಹಾಕಿದೆ.
ಅತ್ತೆ ಹೋಗಿ ಆರು.

ಮುದ್ದೆ, ಉಪ್ಪೆಸರಿನ ಹೊತ್ತಿಗೆ
ಮೂರು ಟ್ರ್ಯಾಕ್ಟರ್ ಲೋಡು ಏರಿಯಾಚೆ ಬಾಡುತ್ತಿತ್ತು.
ಒಂದು ಕಣದಗಲ ನೀರು ಕಂಡಿತು.
ಅಷ್ಟಕ್ಕೇ ಒಂದು ನೀರುಕೋಳಿ ಬಂದು
ತನ್ನ ಹಳೆಯ ಮನೆ ಹೌದೋ ಅಲ್ಲವೋ ಎಂದು ಕತ್ತು ಹಾಕಿ ನೋಡಿತು.

“ಆಂಟೀ, ಒಂದು ಗಿಡ ಬಾಟ್ಲಿಯಲ್ಲಿ ಇಟ್ಕೊಳ್ಲಾ, ಒಂದೇ ಒಂದು?”
ಮೌನಿಕಾ ಕೇಳಿದಾಗ ನನ್ನ ಬಾಯಿಂದ ಬಂದೇ ಬಿಟ್ಟಿತು:
“ಬೇಡ ಕಣೇ. ನಮ್ಮತ್ತೆಯೂ ಒಂದೇ ಇಟ್ಟುಕೊಂಡಿದ್ದು.”

ಟೀಚರು ತಿರುಗಿದರು. ಟ್ಯೂಬಿನ ಮೇಲಿದ್ದ ನಾರೆಪ್ಪ ಹುಟ್ಟು ಹಾಕುವುದ ಬಿಟ್ಟ.
ಪಿಳ್ಳಪ್ಪ ಎಲೆಯಡಿಕೆ ಉಗುಳಿ, ಕೆರೆಯನ್ನೇ ನೋಡುತ್ತ,
“ಗೊತ್ತು ಬುಡು. ಆವಮ್ಮ ಕಾಲುವೆಗೆ ಬುಟ್ಟಾಗ ಅಲ್ಲೇ ಇದ್ದೆ.
ಹೂವು ಚೆನ್ನಾಗಿತ್ತು, ನಾನೂ ಸುಮ್ಕಿದ್ದೆ.”

“ಮತ್ತೆ ಕೊಕ್ಕರೆ?”

“ಕೊಕ್ಕರೆಗೇನು, ಅದು ಯಾರ ಮನೆ ಹೆಣ್ಣೂ ಅಲ್ವಲ್ಲ.”

ಮೌನಿಕಾ ಕಿವಿಯ ಹೂ ತೆಗೆದು ಲೋಡಿನ ಮೇಲಿಟ್ಟಳು, ಎಸೆಯಲಿಲ್ಲ.
ಕೆರೆ ಇನ್ನೂ ಮುಕ್ಕಾಲು ಉಳಿದಿದೆ.
ಮುಂದಿನ ಭಾನುವಾರಕ್ಕೆ
ಎಡಗೈಯ ಗ್ಲೌಸು ಬರುತ್ತವಂತೆ.